ಮೂರನೇ ಸ್ಯಾಕ್ಸೊಫೋನ್

ಹೋದ ತಿಂಗಳು ದೋಹಾದ ಬಿನ್ ಮಹಮೂದ್ ಬಡಾವಣೆಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದಾಗ ಒಳಗಿನಿಂದ ಲವಂಗದೆಣ್ಣೆಯ ವಾಸನೆ ಬಂತು. ತಕ್ಷಣ ನಮ್ಮ ಸ್ಟೋರಿನ ಸರ್ ನೆನಪಾದರು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಹಾಗಾಗಲಿಲ್ಲ. ಮೊದಲು ನೆನಪಾದದ್ದು ಒಂದು ಹೋಟೆಲಿನ ಕೆಂಪು ಕಾರ್ಪೆಟ್ಟು, ಆಮೇಲೆ ಜನರ ನಗು. ಅವರು ಎಲ್ಲದರ ಕೊನೆಗೆ ಬಂದರು...

ಇಪ್ಪತ್ತೈದು ವರ್ಷಗಳ ಹಿಂದೆ ನಾನು ಇಲ್ಲಿಯ ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿದ್ದೆ. ಸರ್ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ನಮ್ಮ ಗೋದಾಮಿನ ಸ್ಟೋರ್‌ಕೀಪರ್. ಮೈಸೂರಿನವರು, ಅರವತ್ತರ ಅಂಚಿನಲ್ಲಿದ್ದರು. ಹದಿನೆಂಟನೇ ವಯಸ್ಸಿಗೆ ಬೆಂಗಳೂರು ಕಂಟೋನ್ಮೆಂಟಿನ ಕ್ಲಬ್ಬೊಂದರ ಡ್ಯಾನ್ಸ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸಲು ಸೇರಿದ್ದರಂತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ದೊಡ್ಡ ಬ್ಯಾಂಡುಗಳು ಜಗತ್ತಿಗೆಲ್ಲ ಹಬ್ಬಿಸಿದ ಹಾಡುಗಳು, ಅಲ್ಲಿ ಹಳತಾದ ಮೇಲೂ, ಆ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಓಡಿದವು. ಬ್ಯಾಂಡಿನ ಮುಖ್ಯಸ್ಥ ಗ್ರಾಮಫೋನ್ ತಟ್ಟೆಯನ್ನು ಮತ್ತೆ ಮತ್ತೆ ಕೇಳಿ, ಹದಿನಾಲ್ಕು ಜನರಿಗೂ ಅವರವರ ಪಾಲನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಡುತ್ತಿದ್ದ. ಕುಣಿಯಲು ಬರುವವರು ಕಡಿಮೆಯಾದರು, ಬ್ಯಾಂಡ್ ಚದುರಿತು. ಇವರು ಗಲ್ಫಿಗೆ ಬಂದರು.

ಹೆಲ್ಮೆಟ್ಟು, ಗ್ಲೌಸು ಕೊಡುವಾಗೆಲ್ಲ ಅವರ ಗಂಟಲಲ್ಲಿ ಏನೋ ಗುನುಗು ಇರುತ್ತಿತ್ತು. ಎರಡು ಮೂರು ಸ್ವರಗಳ ನಡುವೆಯೇ ಓಡಾಡುವ, ಯಾವ ಹಾಡಿಗೂ ಹೊಂದದ ಗುನುಗು. ಆಗ ನನ್ನ ರೂಮ್‌ಮೇಟ್ ಆಗಿದ್ದ ಉಡುಪಿಯವನು ಅಕೌಂಟ್ಸಿನಲ್ಲಿದ್ದ. ಅವನು ಒಮ್ಮೆ ಕೇಳಿಯೇಬಿಟ್ಟ: “ಎಂತ ಸರ್, ಇದು ಹಾಡಾ, ಜನರೇಟರಾ?”

ಅವರು ನಕ್ಕರು. “ನಂದು ಮೂರನೇ ಸ್ಯಾಕ್ಸೊಫೋನ್ ಕಣಪ್ಪ. ಟ್ಯೂನು ಬೇರೆಯವರದ್ದು. ನಾನು ಅದರ ಕೆಳಗೆ ಹೋಗ್ತಿರೋನು.”

ಅದನ್ನು ನಾನು ಕೇಳಿಸಿಕೊಂಡಿದ್ದೆ. ಅರ್ಥ ಮಾಡಿಕೊಂಡಿರಲಿಲ್ಲ.

ಅವರ ನಿವೃತ್ತಿಗೆ ಎರಡು ತಿಂಗಳಿರುವಾಗ ಮೇಲಿನ ಸಾಲಿನ ಮುಂದಿನ ಹಲ್ಲು ಅಲುಗಾಡತೊಡಗಿತು. ಡಾಕ್ಟರು ಕೀಳಬೇಕೆಂದರು. ಇವರು ಒಪ್ಪಲಿಲ್ಲ. ಸ್ಯಾಕ್ಸೊಫೋನಿನ ಬಾಯಿತುದಿಯ ಮೇಲೆ ಆ ಹಲ್ಲನ್ನೇ ಊರಿ ಊದಬೇಕು, ಅದು ಹೋದರೆ ಹಿಡಿತ ಹೋಗುತ್ತದೆ, ಕಟ್ಟಿಸಿದ ಹಲ್ಲಿನಲ್ಲಿ ಮತ್ತೆ ಮೊದಲಿಂದ ಕಲಿಯುವ ವಯಸ್ಸು ತನಗಿಲ್ಲ ಎಂದು ನನಗೆ ವಿವರಿಸಿದರು. ಕಂಪನಿಯ ಬೀಳ್ಕೊಡುಗೆಯ ಊಟ ಒಂದು ಹೋಟೆಲಿನಲ್ಲಿತ್ತು. ಅಲ್ಲಿ ಐದು ಜನರ ಫಿಲಿಪಿನೋ ಬ್ಯಾಂಡ್ ಹಳೆಯ ಇಂಗ್ಲಿಷ್ ಹಾಡುಗಳನ್ನೇ ನುಡಿಸುತ್ತಿತ್ತು. ಅದರ ಜೊತೆ ಒಂದು ಸಲ ನುಡಿಸಿ ಹಲ್ಲು ಕೀಳಿಸುತ್ತೇನೆ ಎಂದರು. ಅಲ್ಲಿಯವರೆಗೆ ಹತ್ತಿಯನ್ನು ಲವಂಗದೆಣ್ಣೆಯಲ್ಲಿ ಅದ್ದಿ ಒಸಡಿಗೆ ಒತ್ತಿಕೊಂಡೇ ಕೆಲಸ ಮಾಡಿದರು. ಅವರು ಬಂದುಹೋದ ಮೇಲೂ ನನ್ನ ಮೇಜಿನ ಬಳಿ ಆ ವಾಸನೆ ಇರುತ್ತಿತ್ತು.

ಕಾರ್ಯಕ್ರಮದ ಏರ್ಪಾಡು ನನ್ನದಾಗಿತ್ತು. “ಹಿಂದ್ಗಡೆ ಒಂದು ಕುರ್ಚಿ ಹಾಕ್ಸು, ಸಾಕು,” ಎಂದಿದ್ದರು. ನನಗೆ ಅದು ವಿನಯದಂತೆ ಕಂಡಿತು. ಇಷ್ಟು ಹಿರಿಯ ಕಲಾವಿದ, ಕೊನೆಯ ಸಲ ನುಡಿಸುವವರು, ಯಾರದೋ ಬೆನ್ನ ಹಿಂದೆ ಕೂರುವುದೇ? ನಮ್ಮ ಸಂಗೀತ ಕಚೇರಿಗಳನ್ನು ನೋಡಿ ಬೆಳೆದವನು ನಾನು. ಹಿರಿಯರಿಗೆ ಮರ್ಯಾದೆಯೆಂದರೆ ನಡುವೆ ಕೂರಿಸುವುದು ಎಂದೇ ತಿಳಿದಿದ್ದೆ. ಅವರಿಗೆ ತಿಳಿಸದೆ ಬ್ಯಾಂಡಿನವರನ್ನು ಕೆಳಗಿಳಿಸಿ, ಸರ್ ಒಬ್ಬರೇ ನುಡಿಸುತ್ತಾರೆಂದು ಘೋಷಣೆ ಮಾಡಿಸಿದೆ.

ಅವರು ನನ್ನ ಕಡೆ ನೋಡಿದರು. ಮುಖ ಹೇಗಿತ್ತೋ... ಈಗ ಏನು ಹೇಳಿದರೂ ಅದು ನಾನು ಆಮೇಲೆ ಅಂಟಿಸಿದ ಮುಖ. ಕುರ್ಚಿಯಲ್ಲಿ ನೆಟ್ಟಗೆ ಕೂತು, ತಮ್ಮ ಪಾಲನ್ನೇ ನುಡಿಸಿದರು. ಯುದ್ಧದಿಂದ ಮನೆಗೆ ಮರಳುವವನ ಬಗೆಗಿನ ನಿಧಾನದ ಹಾಡದು. ಎರಡು ಸ್ವರ, ಮೌನ. ಕಾಲಲ್ಲಿ ತಾಳ. ಮತ್ತೆ ಮೂರು ಸ್ವರ, ಅದಕ್ಕಿಂತ ಉದ್ದದ ಮೌನ. ಮಿಕ್ಕ ಹದಿಮೂರು ಜನ ನುಡಿಸಬೇಕಾದ ಜಾಗವನ್ನು ಅವರು ಒಂದು ಮಾತ್ರೆಯೂ ತಪ್ಪದೆ ಖಾಲಿ ಬಿಡುತ್ತಿದ್ದರು. ಹಾಡು ಮರೆತಿದೆ ಎಂದುಕೊಂಡ ಜನ ಮೊದಲು ಕೆಮ್ಮಿದರು, ಆಮೇಲೆ ನಕ್ಕರು. ಹಿಂದಿನ ಮೇಜಿನಿಂದ ಯಾರೋ “ಯಲ್ಲಾ, ಖಲಾಸ್”, ಸಾಕು ಮುಗಿಸಿ, ಎಂದರು. ಒಂದು ಉದ್ದದ ಮೌನದಲ್ಲಿ ಮೈಕಿನಲ್ಲಿ ಧನ್ಯವಾದ ಕೇಳಿಸಿತು. ಚಪ್ಪಾಳೆಯೂ ಜೋರಾಗಿಯೇ ಬಿತ್ತು. ಅವರು ವಾದ್ಯವನ್ನು ಬಾಯಿಂದ ಇಳಿಸಿದರು.

ಕಾರಿನಲ್ಲಿ ಅವರನ್ನು ಮನೆಗೆ ಬಿಡುವಾಗ ನಾನು ಕ್ಷಮೆ ಕೇಳಿದೆ. ಅವರಿಗೆ ಸಿಟ್ಟು ಬಂದಂತಿರಲಿಲ್ಲ. ಒಂದು ಲೆಕ್ಕ ತಪ್ಪಿದ್ದನ್ನು ತೋರಿಸುವಂತೆ ಹೇಳಿದರು: “ಆ ಹಾಡಲ್ಲಿ ಒಂದೇ ಒಂದು ಸಾಲು ಟ್ಯೂನು ಮೂರನೇ ಸ್ಯಾಕ್ಸೊಫೋನಿಗೆ ಬರುತ್ತೆ ಕಣಪ್ಪ. ಅದಕ್ಕೇ ಆ ಹಾಡು ಇಟ್ಕೊಂಡಿದ್ದೆ. ಅದು ಬರೋಕೆ ಇನ್ನು ಎಂಟು ಎಣಿಕೆ ಇತ್ತು ಅಷ್ಟೆ.”

ಶನಿವಾರ ಬೆಳಿಗ್ಗೆ ಹಲ್ಲು ಕೀಳಿಸಿಕೊಂಡರು. ತಿಂಗಳೊಪ್ಪತ್ತಿನಲ್ಲಿ ಊರಿಗೆ ಹೋದರು. ಕೆಲವು ವರ್ಷಗಳ ನಂತರ ತೀರಿಕೊಂಡರೆಂದು ಕೇಳಿದೆ, ಮತ್ತೆ ನುಡಿಸಿರಲಿಲ್ಲವಂತೆ.

ಈ ಕಥೆಯನ್ನು ಹಲವರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಮೈಕು ಹಿಡಿದು ಧನ್ಯವಾದ ಹೇಳಿದವನು ನಮ್ಮ ಪರ್ಸೊನೆಲ್ ಮ್ಯಾನೇಜರ್. ಅವನ ಟೈ, ಗಡಿಬಿಡಿ, ಎಲ್ಲ ಕಣ್ಣ ಮುಂದಿದೆ. ಕ್ಲಿನಿಕ್ಕಿನಿಂದ ಬಂದ ಮೇಲೆ, ಈಗ ಇಲ್ಲೇ ಬಿನ್ ಒಮ್ರಾನ್ ಬಡಾವಣೆಯಲ್ಲಿರುವ ಆ ಉಡುಪಿಯವನಿಗೆ ಫೋನ್ ಮಾಡಿ ಮ್ಯಾನೇಜರನ ಹೆಸರು ಕೇಳಿದೆ.

“ಅವ ಆವತ್ತು ಬರ್ಲೇ ಇಲ್ಲ ಮಾರಾಯ,” ಎಂದ. “ಮೈಕ್ ಹಿಡಿದದ್ದು ನೀನೇ ಅಲ್ವಾ? ಜನ ನಗ್ತಾರೆ, ಪಾಪ, ಅಂತ ನನ್ನತ್ರ ಹೇಳಿಯೇ ಎದ್ದು ಹೋದದ್ದು.”

ಅದು ನಿಜವಿರಬೇಕು. ಆ ಟೈ ಯಾರದೆಂದು ಗೊತ್ತಿಲ್ಲ.

ಹಾಡು ಮೊಬೈಲಿನಲ್ಲಿ ಸುಲಭವಾಗಿ ಸಿಕ್ಕಿತು. ಬೇರೆ ಬೇರೆ ಬ್ಯಾಂಡುಗಳು ನುಡಿಸಿದ ಆರು ಧ್ವನಿಮುದ್ರಿಕೆಗಳಿವೆ. ಎಲ್ಲವನ್ನೂ ಕೇಳಿದೆ. ಯಾವುದರಲ್ಲೂ ರಾಗ ಸ್ಯಾಕ್ಸೊಫೋನಿಗೆ ಬರುವುದೇ ಇಲ್ಲ. ಮೊದಲಿಂದ ಕೊನೆಯವರೆಗೆ ಹಾಡುಗಾರನದು, ನಡುವೆ ಟ್ರಂಪೆಟ್ಟಿನದು. ಆ ಒಂದು ಸಾಲನ್ನು ಕಂಟೋನ್ಮೆಂಟಿನ ಆ ಮುಖ್ಯಸ್ಥ ಇವರಿಗೆಂದೇ ತನ್ನ ಹಾಳೆಯಲ್ಲಿ ಸೇರಿಸಿ ಬರೆದಿರಬೇಕು. ಹಾಳೆ ಈಗ ಎಲ್ಲಿದೆಯೋ. ಆ ಸಾಲು ಹೇಗಿತ್ತೆಂದು ಕೇಳಲು ನನಗೆ ಯಾರೂ ಉಳಿದಿಲ್ಲ.