ಕೋಟಿನ ಜೇಬಿನಲ್ಲಿದ್ದ ಮ್ಯಾಗಜೀನ್

ಭಾವನ ರೈಫಲ್ಲನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬಂದ ದಿನ ಅಕ್ಕ ಹೋಳಿಗೆ ಮಾಡಿದ್ದಳು. ಲೇಆಫ್ ಆದಮೇಲೆ ಭಾವ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನಾನಿಲ್ಲದಿದ್ದರೆ ನಿಮಗೆಲ್ಲ ಸುಲಭ ಎಂದು ಎರಡು ಸಲ ಅಂದಿದ್ದರು. ಮನೆಯಲ್ಲಿ ಬಂದೂಕು ಇರಕೂಡದು ಎಂದು ಡಾಕ್ಟರು ಹೇಳಿದಾಗ ತಕರಾರಿಲ್ಲದೆ ಕೊಟ್ಟುಬಿಟ್ಟರು. ಅಷ್ಟು ಸಲೀಸಾಗಿ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು. ಎಲ್ಲಿ ಬರುತ್ತದೆ! ಎರಡು ಹೋಳಿಗೆ ಹೆಚ್ಚೇ ತಿಂದೆ.

ಮೂರು ವಾರ ಕಳೆದು ಅಕ್ಕ ಮನ್ರೋ ಊರಿನ ತನ್ನ ಮನೆಯಿಂದ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ. ಚಕ್ಕುಲಿ ಇರಬೇಕು ಎಂದು ಮುಚ್ಚಳ ತೆಗೆದರೆ ಗುಂಡು ತುಂಬುವ ಮ್ಯಾಗಜೀನ್, ಖಾಲಿಯದು. ಒಗೆಯಲು ತೆಗೆದ ಭಾವನ ಚಳಿಗಾಲದ ಕೋಟಿನ ಜೇಬಿನಲ್ಲಿ ಸಿಕ್ಕಿತಂತೆ.

"ಇದು ಆ ರೈಫಲ್‌ದೇ ತಾನೇ?"

ಅಲ್ಲ. ಕೈಗೆತ್ತಿಕೊಂಡ ಕೂಡಲೇ ಗೊತ್ತಾಯಿತು. ಎಲ್ಲ ಮ್ಯಾಗಜೀನೂ ಎಲ್ಲ ರೈಫಲ್ಲಿಗೂ ಕೂರುವುದಿಲ್ಲ ಎಂದು ಭಾವನೇ ಒಮ್ಮೆ ನನ್ನನ್ನು ಶೂಟಿಂಗ್ ರೇಂಜಿಗೆ ಕರೆದೊಯ್ದು ಮೇಷ್ಟರ ಹಾಗೆ ಪಾಠ ಮಾಡಿದ್ದರು. ಒಪ್ಪಿಸಿದ ರೈಫಲ್ಲಿನದು ಕೆಳಗಿನಿಂದ ನೇರ ಮೇಲಕ್ಕೆ ತಳ್ಳುವಂಥದ್ದು. ಇದರ ಮುಂದೆ ಪುಟ್ಟ ಮೂಗಿನಂತೆ ಕಬ್ಬಿಣ ಚಾಚಿತ್ತು. ಮೊದಲು ಆ ಮೂಗನ್ನು ಸಿಕ್ಕಿಸಿ ಆಮೇಲೆ ಹಿಂಭಾಗ ಒತ್ತಿ ಕೂರಿಸಬೇಕು. ಅಂದರೆ ಮನೆಯಲ್ಲಿ ಇನ್ನೊಂದು ರೈಫಲ್ ಇತ್ತು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಂದಿನ ವಾರ ಭಾವನಿಗೆ ಒಂದು ಇಂಟರ್ವ್ಯೂ ಇತ್ತು. ಮತ್ತೆ ಪೊಲೀಸರ ಹತ್ತಿರ ಹೋದರೆ ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಏನಾಗುತ್ತದೋ, ಕನ್ನಡ ಸಂಘದಲ್ಲಿ ಯಾರು ಏನು ಆಡಿಕೊಳ್ಳುತ್ತಾರೋ ಎಂದೆಲ್ಲ ತಲೆಯಲ್ಲಿ ಓಡಿತು.

"ಅದರದ್ದೇ ಅಕ್ಕ, ಹಳೇದು. ತಲೆ ಕೆಡಿಸ್ಕೋಬೇಡ," ಅಂದೆ. ಥೂ, ನನ್ನ ಬಾಯಿಗಿಷ್ಟು!

ಆ ಶನಿವಾರ ಭಾವನನ್ನು ವಾಕಿಂಗಿಗೆ ಕರೆದುಕೊಂಡು ಹೋಗಿ ಕೇಳಿದೆ. ಇನ್ನೊಂದು ಇದ್ದದ್ದು ನಿಜ, ಅಂಗಡಿಗೇ ವಾಪಸ್ ಮಾರಿದೆ, ಮ್ಯಾಗಜೀನ್ ಒಂದು ಉಳಿದುಬಿಟ್ಟಿತ್ತು ಎಂದರು. ರಸೀದಿ ತೋರಿಸಿ ಎನ್ನಲು ನಾಲಗೆ ಏಳಲಿಲ್ಲ. ನಾನು ಈ ದೇಶಕ್ಕೆ ಬಂದಾಗ ಆರು ತಿಂಗಳು ಮನೆಯಲ್ಲಿಟ್ಟುಕೊಂಡು ಡ್ರೈವಿಂಗ್ ಕಲಿಸಿದವರು ಅವರು. ಅಂಥವರ ಗ್ಯಾರೇಜನ್ನು ಹೇಗೆ ಜಾಲಾಡಲಿ? ಬೀಸೋ ದೊಣ್ಣೆ ತಪ್ಪಿತು ಎಂದುಕೊಂಡು ಮನೆಗೆ ಬಂದೆ.

ಏಪ್ರಿಲ್‌ನಲ್ಲಿ ಭಾವ ಹೋದರು. ಅದೇ ಗ್ಯಾರೇಜಿನಲ್ಲಿ, ಆ ಇನ್ನೊಂದು ರೈಫಲ್ಲಿನಿಂದ.

ಹದಿಮೂರನೆಯ ದಿನ ಬಂದವರೆಲ್ಲ ಊಟ ಮುಗಿಸಿ ಹೊರಟಮೇಲೆ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಇವತ್ತು ಹೇಳಿಬಿಡಬೇಕು ಎಂದು ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಅವಳೇ ಮಾತು ತೆಗೆದಳು.

"ಯುಗಾದಿ ಹಿಂದಿನ ದಿನ ಅದೇ ಕೋಟಲ್ಲಿ ಇನ್ನೊಂದು ಸಿಕ್ಕಿತ್ತು ಕಣೋ. ಮುಂದೆ ಅದೇ ಥರ ಮೂಗು. ಇದು ಮಾತ್ರ ಆ ಖಾಲಿದಕ್ಕಿಂತ ಸ್ವಲ್ಪ ಭಾರ ಇತ್ತು. ನಿನಗೆ ಫೋನ್ ಮಾಡೋಣ ಅಂದ್ಕೊಂಡೆ. ಆಮೇಲೆ, ಹಳೇದು ಅಂತ ನೀನೇ ಹೇಳಿದ್ಯಲ್ಲ, ಸುಮ್ನೆ ಯಾಕೆ ನಿನಗೆ ತೊಂದ್ರೆ ಅಂತ ಜೇಬಲ್ಲೇ ವಾಪಸ್ ಇಟ್ಟೆ." ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನಾನೇನಾದ್ರೂ ತಪ್ಪು ಮಾಡಿದ್ನೇನೋ?"

"ನೀನಲ್ಲ ಅಕ್ಕ," ಅಂದೆ. ಮುಂದಿನ ಮಾತನ್ನು ಇವತ್ತಿನವರೆಗೂ ಆಡಿಲ್ಲ.