ಜಪ್ಪಯ್ಯ ಅಂದರೂ ಬಿಡದ ಹೊಗೆಗೂಡು

ಊರಿಗೆಲ್ಲ ಮಸಿಯಕ್ಕ ಎಂದೇ ಪರಿಚಿತಳಾದ ಆಕೆ ಅಪ್ಪನ ಹಿಂದೆ ಮೊದಲ ಸಲ ಸೂರು ಹತ್ತಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. ಅಪ್ಪನಿಗೆ ವಯಸ್ಸಾದ ಮೇಲೆ ಹೊಗೆಗೂಡು ಶುಚಿ ಮಾಡುವ ಕಸುಬು ಪೂರ್ತಿ ಅವಳದಾಯಿತು. ಮೂವತ್ತು ವರ್ಷವಾದರೂ ಬಾಗಿಲು ತೆರೆದವರು ಅವಳ ಬೆನ್ನ ಹಿಂದೆ ಇಣುಕಿ, "ಕೆಲಸದವರು ಎಲ್ಲಿ?" ಎನ್ನುವುದು ತಪ್ಪಿರಲಿಲ್ಲ.

"ನಾನೇ ರೀ. ಸ್ವಲ್ಪ ಜರುಗಿ" ಎಂದು ಒಳಗೆ ನುಗ್ಗುವಳು.

ಬೀದಿ ತುದಿಯ ಹಳೇ ಮನೆಯಲ್ಲಿ ಅಗ್ಗಿಷ್ಟಿಕೆ ಹಚ್ಚಿದರೆ ಹೊಗೆಯೆಲ್ಲ ಕೋಣೆಗೇ ತಿರುಗುತ್ತಿತ್ತು. ಮೂವರು ಬಂದು ಕೈಚೆಲ್ಲಿ ಹೋಗಿದ್ದರು. ಮನೆಯೊಡತಿಯ ಅಳಿಯ, ಗಾರೆ ಕೆಲಸದವನು, ಸಿಮೆಂಟು ತಂದಿಟ್ಟು, "ಮುಚ್ಚಿಬಿಡ್ತೀನಿ ಅತ್ತೆ, ಪೀಡೆ ತೊಲಗಲಿ" ಅಂದಿದ್ದ.

"ಇದರ ಮುಂದೆ ನಾಲ್ಕು ಮಕ್ಕಳ ತಲೆ ಒಣಗಿಸಿದ್ದೀನಿ. ಮಸಿಯಕ್ಕ ಒಮ್ಮೆ ನೋಡ್ಲಿ" ಎಂದು ಅತ್ತೆ ಪಟ್ಟು ಹಿಡಿದರು.

ಮಸಿಯಕ್ಕ ಸೂರಿನಿಂದ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ಇಳಿಬಿಟ್ಟಳು. ಎರಡಾಳು ಆಳದಲ್ಲಿ ಅದು ನಿಂತಿತು. ಕೆಳಗಿನಿಂದ ಉದ್ದ ಕೋಲಿನ ಕುಂಚ ತಳ್ಳಿದಳು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ತೋಳು ಸೋತಿತು, ಹಟ ಸೋಲಲಿಲ್ಲ. ಹಗ್ಗದ ಅಳತೆ ಹಿಡಿದು ಅಟ್ಟಕ್ಕೆ ಹೋಗಿ, ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟುತ್ತ ಬಂದಳು. ಒಂದು ಕಡೆ ಸದ್ದು ಮಂದವಾಯಿತು.

"ಇಲ್ಲಿ ಗೂಡು ಓರೆಯಾಗಿದೆ, ಏನೋ ಸಿಕ್ಕಿಕೊಂಡಿದೆ. ಮೇಲಿಂದ ಬಡಿದವರೆಲ್ಲ ಇನ್ನಷ್ಟು ಗಟ್ಟಿ ಮಾಡಿದ್ದಾರೆ. ಎರಡು ಇಟ್ಟಿಗೆ ತೆಗೀಬೇಕು."

"ಗೋಡೆ ಒಡೀತೀರಾ?" ಅಳಿಯ ಹುಬ್ಬೇರಿಸಿದ.

"ನೀವೇ ತೆಗೀರಿ, ನೀವೇ ಹಾಕಿ. ಆ ಕೈಚಳಕ ನನಗೆಲ್ಲಿ ಬರಬೇಕು?"

ಅಳಿಯ ಬಿಗಿದ ಮುಖ ಸಡಿಲಿಸಿ ಉಳಿ ಹಿಡಿದ. ಮಸಿಯಕ್ಕ ಭುಜದವರೆಗೆ ಕೈ ತೂರಿದಳು. ಅಡ್ಡಡ್ಡ ಸಿಕ್ಕಿಕೊಂಡ ಒಂದು ಅರೆ ಇಟ್ಟಿಗೆ, ಅದರ ಮೇಲೆ ಹಕ್ಕಿಗೂಡಿನ ಮೇಲೆ ಹಕ್ಕಿಗೂಡು, ಎಲ್ಲವೂ ಮಸಿಯಲ್ಲಿ ಬೆಂದು ಕಲ್ಲಾಗಿತ್ತು. ಕಡ್ಡಿ ಕಡ್ಡಿಯಾಗಿ ಬಿಡಿಸುವಷ್ಟರಲ್ಲಿ ಮಧ್ಯಾಹ್ನ ಸರಿದಿತ್ತು. ಕೊನೆಗೆ ಇಟ್ಟಿಗೆಗೆ ಕೊಕ್ಕೆ ಹಾಕಿ ಜಗ್ಗಿದಳು.

"ಅತ್ತೇ, ಒಲೆ ಹತ್ರ ಯಾರೂ ನಿಲ್ಲಬೇಡಿ!" ಅಳಿಯ ಕೂಗಿದ.

ಧಡ್ ಎಂದು ಮೂಟೆಗಟ್ಟಲೆ ಮಸಿ ಕೆಳಗೆ ಸುರಿಯಿತು. ಮಸಿಯಕ್ಕ ತೂತಿಗೆ ಮುಖವಿಟ್ಟು ಮೇಲೆ ನೋಡಿದಳು. ಅಂಗೈಯಗಲ ಆಕಾಶ ಕಂಡಿತು!

ಅಳಿಯ ಇಟ್ಟಿಗೆ ಕೂರಿಸಿ ಸಂದು ಮೆತ್ತಿದ. ಅತ್ತೆ ಹಳೇ ಪತ್ರಿಕೆ ಹಚ್ಚಿದರು. ಜ್ವಾಲೆ ಒಮ್ಮೆ ತಡಬಡಿಸಿ, ಗುರ್ರೆಂದು ಮೇಲಕ್ಕೆದ್ದಿತು. ಕೋಣೆಗೆ ಒಂದು ಎಳೆ ಹೊಗೆಯೂ ಬರಲಿಲ್ಲ. ಅತ್ತೆ ಬೀದಿಗೇ ಓಡಿ, "ಹೋಗ್ತಾ ಇದೆ! ನೋಡ್ರೋ, ಹೋಗ್ತಾ ಇದೆ!" ಎಂದು ಸೂರಿನತ್ತ ಕೈ ತೋರಿ ಕುಣಿದರು. ಅಳಿಯ ಜೋರಾಗಿ ಚಪ್ಪಾಳೆ ತಟ್ಟಿದ.

ಎದುರು ಮನೆಯಾತ ಓಡಿಬಂದ. "ಅಕ್ಕಾ, ನಮ್ಮದನ್ನೂ ಈಗಲೇ ನೋಡ್ತೀರಾ?"

ಹಲ್ಲು ಬಿಟ್ಟರೆ ಮತ್ತೇನೂ ಬೆಳ್ಳಗೆ ಕಾಣದ ಮಸಿಯಕ್ಕ ಎದೆಯುಬ್ಬಿಸಿ ನಕ್ಕಳು. "ನಾಳೆ ಬರ್ತೀನಪ್ಪ. ಇವತ್ತು ನನ್ನನ್ನೇ ತೊಳೆಯೋ ಕೆಲಸ ಇದೆ."