ಬಾಗಿಲಿಗೆ ಗುಂಡು ಹಾರ

ಕೂಡ್ಲಿಗಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಹಡಗಲಿಯ ಮೊದಲ ಬಸ್ಸು ಮಲ್ಲಿಗೆಯ ಬುಟ್ಟಿ ಇಳಿಸಿ ಹೋಗಿದೆ. ಗೋಣಿತಟ್ಟಿನ ಮೇಲೆ ಕುಳಿತ ತಿಪ್ಪೇರುದ್ರಮ್ಮ ಬಿದಿರಿನ ಸೀಳನ್ನು ಮೊಣಕಾಲಿಗೆ ಒತ್ತಿ ಬಗ್ಗಿಸುತ್ತಾರೆ, ಎರಡೂ ತುದಿ ಕೂಡಿಸಿ ಬಾಳೆನಾರಿನಿಂದ ಬಿಗಿಯುತ್ತಾರೆ. ಇನ್ನು ಹೂ ಸುತ್ತಬೇಕು. ಸುತ್ತುವುದಿಲ್ಲ. ಆ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂರುತ್ತಾರೆ.

ಹಿಂದಿನ ಸಂಜೆ ಶಾಲೆಯ ಮೇಡಂ ಸುಮಲತಾ ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ್ದರು. ಯಾವುದೋ ಮನೆಯ ಮುಂಬಾಗಿಲು, ಅದರ ನಡುವೆ ದುಂಡನೆಯ ಹೂವಿನ ಹಾರ. "ನಾಳೆ ನಮ್ಮ ಹೊಸ ಮನಿ ಪ್ರವೇಶ ಐತಿ ಅಕ್ಕಾ. ತೋರಣ ಎಲ್ಲಾರೂ ಕಟ್ತಾರ. ನನಗ ಇಂಥದ್ದು ಬೇಕು" ಎಂದರು. ತಿಪ್ಪೇರುದ್ರಮ್ಮ ಆಗಲೆಂದು ತಲೆಯಾಡಿಸಿದರು.

"ಈ ಗುಂಡಂದು ನಾವು ಕಟ್ಟೋದು ಸತ್ತೋರಿಗ್ರಿ, ಎದಿ ಮ್ಯಾಲೆ ಇಡಾಕ. ಹೊಸ ಮನಿ ಮಾಡ್ಯಾರ, ಅಂಥೋರ ಮುಂದ ಸಾವಿನ ಮಾತು ಹೆಂಗ ಎತ್ತೋದು? ಫೋಟೋದಾಗ ನೋಡಿದ್ರ ಛಂದ ಐತಿ. ನನಗ ದಿಕ್ಕ ತಿಳೀಲಿಲ್ಲ" ಎಂದು ಆ ಸಂಜೆಯನ್ನು ನೆನೆದು ಈಗ ಹೇಳುತ್ತಾರೆ.

ಮೂವತ್ತು ವರ್ಷದಿಂದ ಇದೇ ಜಾಗದಲ್ಲಿ ಹೂ ಕಟ್ಟುತ್ತಿದ್ದಾರೆ. ದಿನಕ್ಕೆ ಅರವತ್ತು ಮೊಳಕ್ಕೆ ಕಡಿಮೆಯಿಲ್ಲ. ಮದುವೆಯ ದಂಡೆ, ದೇವರ ಸರ, ಶವದ ಹಾರ, ಎಲ್ಲವೂ ಇದೇ ಬೆರಳಿನವು. ಗಂಡ ಪಾಲಾಕ್ಷಪ್ಪ ಲಾರಿ ಓಡಿಸುತ್ತಿದ್ದರು. ನಾಲ್ಕು ವರ್ಷದ ಹಿಂದೆ ಎದೆನೋವೆಂದು ಮಲಗಿದವರು ಏಳಲಿಲ್ಲ. ಜೊತೆಯ ಚಾಲಕರು ದೊಡ್ಡದೊಂದು ಗುಂಡು ಹಾರ ಬೇಕೆಂದು ಅಂಗಡಿ ಅಂಗಡಿ ಕೇಳಲು ಹೊರಟಾಗ, ಮನೆಯೊಳಗಿನಿಂದ ತಿಪ್ಪೇರುದ್ರಮ್ಮನೇ ಎದ್ದು ಬಂದು ತಾನೇ ಕಟ್ಟುವೆನೆಂದು ಬಿದಿರು ಕೇಳಿದರು.

"ಬ್ಯಾರೇರಿಗೆ ಕೊಟ್ಟಿದ್ರ ಸಡ್ಲ ಕಟ್ಟತಿದ್ರು" ಎನ್ನುತ್ತಾರೆ, ಅಷ್ಟೇ.

ಆಮೇಲೆ ಈ ಬೆಳಗಿನವರೆಗೆ ಅವರು ಗುಂಡು ಹಾರ ಕಟ್ಟಿಲ್ಲ, ಮಲ್ಲಿಗೆ ಮುಡಿದಿಲ್ಲ.

ಬೆಳಕು ಹರಿಯುತ್ತದೆ. ಮಾತು ಕೊಟ್ಟಾಗಿದೆ ಎಂದುಕೊಂಡು ಸೇವಂತಿಗೆ ಎತ್ತಿಕೊಳ್ಳುತ್ತಾರೆ. ಅಂಚಿಗೆ ಮಲ್ಲಿಗೆ, ನಡುನಡುವೆ ಕನಕಾಂಬರ. ಕಟ್ಟುತ್ತಾ ಹೋದಂತೆ ಕೈಗೆ ಹಳೆಯ ಓಟ ಬರುತ್ತದೆ, ಮನಸ್ಸು ಮಾತ್ರ ಹಿಂದೆ ಮುಂದೆ ತೂಗುತ್ತದೆ. ಕೊಟ್ಟೂರು ರಸ್ತೆಯ ಆ ಮನೆ ತಲುಪಿದಾಗ ಹೊಸಿಲಿಗೆ ಅರಿಶಿನ ಹಚ್ಚುತ್ತಿದ್ದ ಸುಮಲತಾರ ಅತ್ತೆ ನಾಗಲಿಂಗಮ್ಮ ಹಾರ ನೋಡಿ ಕೈ ನಿಲ್ಲಿಸುತ್ತಾರೆ. "ಇದೇನವ್ವಾ ಇದು?"

ತಿಪ್ಪೇರುದ್ರಮ್ಮನಿಗೆ ಮುಚ್ಚಿಡಲಾಗುವುದಿಲ್ಲ. "ಸತ್ತೋರಿಗೆ ಹಿಂಗ ಕಟ್ತೀವ್ರಿ. ನನ್ನ ಯಜಮಾನ್ರಿಗೂ ನಾನೇ ಕಟ್ಟೀನಿ. ಬ್ಯಾಡಂದ್ರ ಈಗ ಬಿಚ್ಚಿ ತೋರಣ ಮಾಡಿಕೊಡ್ತೀನಿ."

ಸುಮಲತಾರ ಮುಖ ಇಳಿಯುತ್ತದೆ. ಮುದುಕಿ ಹಾರದ ಅಂಚು ಮುಟ್ಟಿ ನೋಡುತ್ತಾರೆ. "ಹೆಣದ ಮ್ಯಾಲೆ ಮಲ್ಲಿಗಿನೂ ಹಾಕ್ತೀವಿ. ಹಂಗಂತ ಮುಡಿಯೋದು ಬಿಟ್ಟೀವೇನು?" ಅಂದವರ ಕಣ್ಣು ತಿಪ್ಪೇರುದ್ರಮ್ಮನ ಬರಿಯ ತುರುಬಿನ ಮೇಲೆ ಬೀಳುತ್ತದೆ.

"ನೀನೇ ಬಾಗಿಲಿಗೆ ಕಟ್ಟವ್ವಾ" ಎನ್ನುತ್ತಾರೆ ನಾಗಲಿಂಗಮ್ಮ.

"ನಾನು ಕಟ್ಟಬಾರದ್ರಿ, ಶುಭದ ಮನಿ."

"ಯಾರು ಅಂದ್ರು? ಹತ್ತು, ಕುರ್ಚಿ ನಾ ಹಿಡೀತೀನಿ."

ಕಟ್ಟಿ ಇಳಿದು ಬೀದಿಗೆ ಬಂದು ಒಮ್ಮೆ ತಿರುಗಿ ನೋಡಿದ್ದು ನೆನಪಿದೆಯಂತೆ. ಈಗ ಇನ್ನಿಬ್ಬರು ಅಂಥದ್ದೇ ಕೇಳಿದ್ದಾರೆ. ಇನ್ನೂ ಹೂಂ ಅಂದಿಲ್ಲ.

"ಮಾಡಿದ್ದು ಸರಿನೋ ತಪ್ಪೋ ನನಗ ಇವತ್ತಿಗೂ ತಿಳಿವಲ್ದ್ರಿ" ಎನ್ನುತ್ತಾ ಮಲ್ಲಿಗೆಯ ಮೇಲೆ ನೀರು ಚಿಮುಕಿಸುತ್ತಾರೆ. "ಆದ್ರ ಅವತ್ತು ಎಷ್ಟೋ ಮಂದಿ ಬಂದು ಬಾಗಿಲು ತೆಗೆದು ಮುಚ್ಚಿ ಮಾಡಿದ್ರಂತ. ಒಂದು ಎಸಳು ಉದುರಲಿಲ್ಲಂತ."